ಹೌದಪ್ಪ ಹಿರಿಯನ ನಲವತ್ತು ನಿಮಿಷ

ಗೊತ್ತಿಲ್ಲದ ಭಾಷೆಯ ಊರಿಗೆ ಹೋದವನು ಮೊದಲು ಕಲಿಯಬೇಕಾದ ಮಾತು ‘ಅರ್ಥವಾಗಲಿಲ್ಲ’ ಎಂಬುದು. ಉದ್ದ ಹಿರಿಯ ಮೊದಲು ಕಲಿತದ್ದು ‘ಹೌದು’. ಅದು ಅವನ ನಾಲಿಗೆಗೆ ಎಷ್ಟು ಸಲೀಸಾಗಿ ಹೊಂದಿಕೊಂಡಿತೆಂದರೆ, ಆಮೇಲೆ ಬೇರೆ ಮಾತು ಕಲಿಯುವ ಅವಸರವೇ ಕಾಣಲಿಲ್ಲ. ಯಾರಾದರೂ ಮಾತಾಡಿಸಿದರೆ ಅವರ ಕಣ್ಣು ನೋಡುವುದು, ಅವರು ನಕ್ಕರೆ ನಗುವುದು, ಅವರು ನಿಟ್ಟುಸಿರಿಟ್ಟರೆ ತಾನೂ ಒಂದು ನಿಟ್ಟುಸಿರು ಬಿಡುವುದು, ಕೊನೆಗೆ ‘ಹೌದು’ ಎನ್ನುವುದು. ಈ ಒಂದೇ ಉಪಾಯದಲ್ಲಿ ಅವನು ಆರು ತಿಂಗಳು ದೂಡಿದ್ದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ನಾವೆಲ್ಲ ನೋಡಿದ್ದೇವೆ. ಇವನು ಎತ್ತೆಂದರೇನು, ಈಯುವುದೆಂದರೇನು ಎಂಬುದೂ ತಿಳಿಯದೆ ಹಗ್ಗ ಹುಡುಕಿಕೊಂಡು ಹೊರಡುವ ಪೈಕಿ.

ಹಿರಿಯ ಎಂದ ಮಾತ್ರಕ್ಕೆ ತಲೆ ನರೆತವನೆಂದು ತಿಳಿಯಬಾರದು. ಅವನಿಗೆ ಹತ್ತೊಂಬತ್ತು ತುಂಬಿ ಮೂರು ತಿಂಗಳಾಗಿತ್ತು. ಗಡ್ಡ ಇನ್ನೂ ಬರಲೋ ಬೇಡವೋ ಎಂದು ಯೋಚಿಸುತ್ತಿತ್ತು. ಮಾರ್ಮನ್ ಪಂಥದವರು ಧರ್ಮ ಸಾರಲು ಕಳಿಸುವ ಹುಡುಗರಿಗೆಲ್ಲ ‘ಹಿರಿಯ’ ಎಂಬ ಬಿರುದು. ಕಪ್ಪು ಬಿಲ್ಲೆಯ ಮೇಲೆ ಬಿಳಿ ಅಕ್ಷರದಲ್ಲಿ ಅದು ಎದೆಯ ಮೇಲೇ ಕೂತಿರುತ್ತದೆ. ಬಿರುದಿನ ಜತೆ ನಿಯಮಗಳೂ ಬರುತ್ತವೆ. ಎರಡು ವರ್ಷ ಮನೆ ಬಿಟ್ಟಿರಬೇಕು. ಬಿಳಿ ಅಂಗಿ, ಟೈ ತಪ್ಪಕೂಡದು. ಬೆಳಗ್ಗೆ ಆರೂವರೆಗೆ ಏಳಬೇಕು, ಹತ್ತೂವರೆಗೆ ದೀಪ ಆರಬೇಕು. ಕಾಫಿ ಟೀ ಮುಟ್ಟುವಂತಿಲ್ಲ. ಮನೆಗೆ ವಾರಕ್ಕೊಂದು ಕಾಗದ ಬರೆಯಬಹುದು, ಆದರೆ ಫೋನಿನಲ್ಲಿ ಮಾತಾಡುವುದು ವರ್ಷಕ್ಕೆ ಎರಡೇ ಸಲ. ಅದರಲ್ಲಿ ಒಂದು ಕ್ರಿಸ್‌ಮಸ್ ದಿನ, ಅದೂ ನಲವತ್ತು ನಿಮಿಷ. ಎಲ್ಲಕ್ಕೂ ಮೇಲಿನ ನಿಯಮವೆಂದರೆ ಒಬ್ಬನೇ ಇರಕೂಡದು. ಜತೆಗೊಬ್ಬ ಜೋಡಿ ಇರುತ್ತಾನೆ. ಸ್ನಾನದ ಹೊತ್ತು ಬಿಟ್ಟರೆ ಮಿಕ್ಕೆಲ್ಲ ಹೊತ್ತೂ ಒಬ್ಬ ಇನ್ನೊಬ್ಬನ ಕಣ್ಣಳತೆಯಲ್ಲೇ ಇರಬೇಕು.

ಇವನ ಜೋಡಿ ಗಿಡ್ಡ ಹಿರಿಯ. ಬಂದು ಎರಡೇ ತಿಂಗಳಾಗಿತ್ತು. ಅವನಿಗೆ ಇಲ್ಲಿಯ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ, ನಿಯಮದ ಪುಸ್ತಕ ಮಾತ್ರ ಕಂಠಪಾಠ. ಉದ್ದ ಹಿರಿಯ ಜನರ ಜತೆ ಮಾತಾಡುವಾಗ ಅವನು ಎರಡು ಹೆಜ್ಜೆ ಹಿಂದೆ ಕೈಕಟ್ಟಿ ನಿಂತು, ಆಗಾಗ ಗಡಿಯಾರ ನೋಡುತ್ತ, ತುಟಿ ಬಿಗಿ ಹಿಡಿದಿರುತ್ತಿದ್ದ. ಪಾಪ, ಏನೂ ತಿಳಿಯದವನು ಮತ್ತೇನು ಮಾಡಿಯಾನು?

ಉದ್ದ ಹಿರಿಯ ಮನೆಗೆ ಬರೆದ ಕಾಗದಗಳಲ್ಲಿ ‘ಈಗ ಇಲ್ಲಿಯ ಭಾಷೆಯನ್ನು ನೀರು ಕುಡಿದ ಹಾಗೆ ಮಾತಾಡುತ್ತೇನೆ’ ಎಂದು ಬರೆದಿದ್ದ. ಜೋಡಿಗೂ ಅದನ್ನೇ ಹೇಳಿದ್ದ. ನಿಜ ಹೇಳಬೇಕೆಂದರೆ, ದಿನಬಳಕೆಯ ನಾಲ್ಕು ಮುರುಕು ಮಾತು ಬಿಟ್ಟರೆ ಅವನಿಗೆ ಬಾಯಿಪಾಠವಾಗಿದ್ದದ್ದು ಒಂದೇ ಪಾಠ, ಪಶ್ಚಾತ್ತಾಪದ್ದು. ಅದನ್ನು ಮಾತ್ರ ತಡವರಿಸದೆ, ಕಣ್ಣಲ್ಲಿ ನೀರು ತಂದುಕೊಂಡು ಒಪ್ಪಿಸುತ್ತಿದ್ದ. ಆ ಕಣ್ಣೀರು ಸುಳ್ಳಲ್ಲ. ಮನೆಯ ನೆನಪು ಅವನನ್ನು ಒಳಗೊಳಗೇ ಅರೆಯುತ್ತಿತ್ತು. ದಿಂಬಿಗೆ ಮುಖ ಒತ್ತಿ ಅತ್ತದ್ದನ್ನು ಕಾಗದದಲ್ಲಿ ಬರೆಯಲಾಗದು. ಅಮ್ಮ ಅದನ್ನು ಚಿಕ್ಕಮ್ಮನಿಗೂ ನೆರೆಯವರಿಗೂ ಓದಿ ಹೇಳುತ್ತಾಳೆ. ಆದ್ದರಿಂದ ಕ್ರಿಸ್‌ಮಸ್‌ನ ಆ ನಲವತ್ತು ನಿಮಿಷದಲ್ಲಿ ಅಮ್ಮನಿಗೊಬ್ಬಳಿಗೇ ಎಲ್ಲವನ್ನೂ ಹೇಳಿಬಿಡಬೇಕೆಂದು ಅವನು ದಿನ ಎಣಿಸುತ್ತಿದ್ದ.

ಹುಡುಗರಿದ್ದದ್ದು ಮಹಡಿಯ ಎರಡು ಕೋಣೆಗಳಲ್ಲಿ. ಕೆಳಗೆ ಮನೆಯೊಡತಿ ಟೈಲರಮ್ಮನ ಹೊಲಿಗೆ ಅಂಗಡಿ, ಅದರ ಹಿಂದೆ ಅವರ ಮನೆ. ಟೈಲರಮ್ಮ ಗಂಡ ತೀರಿಕೊಂಡ ಮೇಲೆ ಹೊಲಿಗೆಯ ಮೇಲೇ ನಿಂತವರು. ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಬೀದಿಯ ಸುಖದುಃಖ ವಿಚಾರಿಸುವ ಹೆಂಗಸು. ಹುಡುಗರು ಯಾವುದೋ ಧರ್ಮದ ಕೆಲಸಕ್ಕೆ ಬಂದವರು ಎಂಬುದಷ್ಟೇ ಅವರಿಗೆ ಗೊತ್ತಿತ್ತು, ಅದಕ್ಕಿಂತ ಹೆಚ್ಚು ಅವರು ಕೇಳಿರಲಿಲ್ಲ.

ಡಿಸೆಂಬರ್ ಮೊದಲ ವಾರದಲ್ಲಿ ಒಂದು ಬೆಳಗ್ಗೆ ಉದ್ದ ಹಿರಿಯ ಸಡಿಲವಾದ ಪ್ಯಾಂಟು ಹಿಡಿಸಲು ಕೆಳಗೆ ಬಂದ. ಗಿಡ್ಡ ಹಿರಿಯ ಮೇಲೆ ಸ್ನಾನ ಮಾಡುತ್ತಿದ್ದ. ಟೈಲರಮ್ಮ ಎದುರಂಗಡಿಯಿಂದ ಒಂದು ಕಪ್ಪು ನೂಲಿನ ಉಂಡೆ ತಂದುಕೊಡು ಎಂದರು. ಅವನು ಹೊಸಲಿನವರೆಗೆ ಹೋಗಿ, ನಿಂತು, ಮಹಡಿಯ ಕಡೆ ನೋಡಿ ವಾಪಸ್ ಬಂದ.

“ಎದುರಂಗಡಿಗೆ ಹೋಗೋಕೂ ಅವನು ಬೇಕಾ?”

“ಹೌದು. ಒಬ್ಬನೇ ಹೋಗಬಾರದು. ನಿಯಮ.”

“ಎಷ್ಟು ದಿನ ಹೀಗೆ?”

ಎರಡು ವರ್ಷ ಎಂದ. ಆರು ತಿಂಗಳು ಮುಗಿಯಿತು, ಇನ್ನು ಹದಿನೆಂಟು ಇದೆ ಎಂದು ಬೆರಳು ಮಡಿಸಿ ತೋರಿಸಿದ. ಟೈಲರಮ್ಮ ಹೊಲಿಗೆ ಮಿಷನ್ ನಿಲ್ಲಿಸಿದರು. ತಾಯಿಯ ಜತೆ ಮಾತಾಡುತ್ತೀಯಾ ಎಂದು ಕೇಳಿದರು. ವರ್ಷಕ್ಕೆ ಎರಡು ಸಲ ಬಿಡುತ್ತಾರೆ ಎಂದ. ಮೇಲಿನಿಂದ ಗಿಡ್ಡ ಹಿರಿಯ ಬಚ್ಚಲಿಂದ ಹೊರಬಂದವನೇ ಜೋಡಿಯ ಹೆಸರು ಹಿಡಿದು ಕೂಗಿದ. ಇವನು ಎದ್ದುಬಿದ್ದು “ಇದ್ದೀನಿ, ಇದ್ದೀನಿ” ಎಂದು ಉತ್ತರ ಕೊಟ್ಟ. ಟೈಲರಮ್ಮ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟರು. ಮುಖ್ಯವಾದ ಮಾತಿಗೆ ಮಾತ್ರ ಅವರು ಹಾಗೆ ತೆಗೆಯುವುದು.

“ಏನು ಮಾಡಿದ್ದೆ ಮಗು?” ಎಂದು ಮೆಲ್ಲಗೆ ಕೇಳಿದರು.

ಉದ್ದ ಹಿರಿಯನಿಗೆ ಪ್ರಶ್ನೆ ತಿಳಿಯಲಿಲ್ಲ. ಆದರೆ ಅವರ ಕಣ್ಣು ಒದ್ದೆಯಾಗಿತ್ತು. ಕಣ್ಣು ಒದ್ದೆಯಾದವರು ಪಾಠಕ್ಕೆ ಸಿದ್ಧರಾದವರು ಎಂದು ಅವನಿಗೆ ಕಲಿಸಿಕೊಟ್ಟಿದ್ದರು. ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟು ಶುರುಮಾಡಿದ: ನಾನು ಪಾಪಿ. ನಾನು ತಪ್ಪು ಮಾಡಿದ್ದೇನೆ. ನನ್ನ ತಪ್ಪಿಗೆ ನಾನು ದುಃಖಪಡುತ್ತೇನೆ. ಹೊಸ ಮನುಷ್ಯನಾಗಲು ಬಯಸುತ್ತೇನೆ. ನೀವೂ ಪಾಪಿ. ಈ ಕೊನೆಯ ವಾಕ್ಯವನ್ನು ಟೈಲರಮ್ಮ ದೊಡ್ಡ ಮನಸ್ಸು ಮಾಡಿ ಕೇಳಿಸಿಕೊಳ್ಳಲಿಲ್ಲ.

ಮಧ್ಯಾಹ್ನದೊಳಗೆ ಸುದ್ದಿ ಪಕ್ಕದ ಮನೆಯ ಗುಮಾಸ್ತರನ್ನು ಮುಟ್ಟಿತು. ಗುಮಾಸ್ತರು ಮೂವತ್ತು ವರ್ಷ ಕೋರ್ಟಿನಲ್ಲಿ ಕಡತ ಹೊತ್ತು ನಿವೃತ್ತರಾದವರು. ನಿವೃತ್ತಿ ಎಂಬುದು ಸರ್ಕಾರದ ಲೆಕ್ಕದಲ್ಲಿ ಮಾತ್ರ. ಅವರ ಲೆಕ್ಕದಲ್ಲಿ ಕೋರ್ಟು ಇನ್ನೂ ನಡೆಯುತ್ತಿತ್ತು, ಜಾಗ ಬದಲಾಗಿತ್ತು ಅಷ್ಟೆ. ಟೈಲರಮ್ಮ ಹೇಳಿದ್ದನ್ನು ಕಣ್ಣು ಮುಚ್ಚಿ ಕೇಳಿ, ಅವರು ತೀರ್ಪು ಕೊಟ್ಟರು.

“ಈಗೆಲ್ಲ ಹೊಸ ಪದ್ಧತಿ ಟೈಲರಮ್ಮ. ಒಳಗೆ ಕೂಡಿಹಾಕಲ್ಲ. ಕೈಗೊಂದು ಪುಸ್ತಕ ಕೊಟ್ಟು, ಒಬ್ಬ ಕಾವಲಿನವನನ್ನ ಜತೆ ಮಾಡಿ, ದೂರದೇಶಕ್ಕೆ ಕಳಿಸಿಬಿಡ್ತಾರೆ. ಮನೆಮನೆ ಬಾಗಿಲು ತಟ್ಟಿ, ನಾನು ಪಾಪಿ, ನಾನು ಪಾಪಿ ಅಂತ ಹೇಳ್ಕೊಂಡು ಬರಬೇಕು. ಅದೇ ಶಿಕ್ಷೆ.”

ಇಬ್ಬರಿಗೂ ಒಂದೇ ಬಟ್ಟೆ, ಒಂದೇ ಬಿಲ್ಲೆ ಯಾಕೆ ಎಂದು ಟೈಲರಮ್ಮನ ನಾದಿನಿ ಅಡ್ಡ ಪ್ರಶ್ನೆ ಹಾಕಿದಳು. ಅವಳೂ ಆ ಮನೆಯಲ್ಲೇ ಇದ್ದವಳು, ಕಾಜ ಹೊಲಿಯುವ ಕೆಲಸ ಅವಳದು. ಗುಮಾಸ್ತರು ಕರುಣೆಯಿಂದ ನಕ್ಕರು. ಕಾವಲಿನವನು ಕಾವಲಿನವನ ಹಾಗೆ ಕಂಡರೆ ಅವನೆಂಥ ಕಾವಲಿನವನು ಎಂದರು.

ಆದರೂ ಸಾಕ್ಷ್ಯವಿಲ್ಲದೆ ತೀರ್ಪು ನಿಲ್ಲದು. ಮರುದಿನ ಗುಮಾಸ್ತರು ಮಹಡಿ ಹತ್ತಿ, ಇದ್ದ ಒಂದೇ ಕುರ್ಚಿಯಲ್ಲಿ ಕೂತು, ಉದ್ದ ಹಿರಿಯನನ್ನು ಎದುರಿಗೆ ನಿಲ್ಲಿಸಿಕೊಂಡರು. ಕೃತ್ಯ ನಡೆದ ದಿನ ನೀನು ಸ್ಥಳದಲ್ಲಿ ಹಾಜರಿದ್ದದ್ದು ನಿಜವೇ ಎಂದು ಕೇಳಿದರು. ಹೌದು ಎಂದ. ಕಳ್ಳತನ ತಾನೇ ಎಂದರು. ಹೌದು. ಸಹವಾಸದೋಷವೇ? ಹೌದು, ಹೌದು. ಕದ್ದ ಮಾಲು ಹಿಂದಕ್ಕೆ ಸಿಕ್ಕಿತೇ ಎಂದು ಕೇಳುವಾಗ ಗುಮಾಸ್ತರ ಹುಬ್ಬು ಮೇಲಕ್ಕೆ ಹೋಯಿತು. ಏನೋ ದೊಡ್ಡ ಪ್ರಶ್ನೆಯಿರಬೇಕೆಂದು ಇವನು ಒಂದು ನಿಟ್ಟುಸಿರು ಸೇರಿಸಿ ಹೌದು ಎಂದ. ಕೊನೆಗೆ ಅವರು, ಪಶ್ಚಾತ್ತಾಪ ಇದೆಯೋ ಎಂದರು.

ಆರು ತಿಂಗಳಲ್ಲಿ ಮೊದಲ ಬಾರಿಗೆ ಯಾರೋ ಅವನ ಪಾಠದ ಪದವನ್ನೇ ಬಳಸಿದ್ದರು. ಉದ್ದ ಹಿರಿಯನ ಮುಖ ಅರಳಿತು. ಇಪ್ಪತ್ತು ನಿಮಿಷ ಒಂದೇ ಉಸಿರಿಗೆ ಪಶ್ಚಾತ್ತಾಪಪಟ್ಟ. ಗುಮಾಸ್ತರು ಕೆಳಗಿಳಿದು ಬಂದು, ಮೂವತ್ತು ವರ್ಷದ ಸರ್ವೀಸಿನಲ್ಲಿ ಇಷ್ಟು ನಿರರ್ಗಳವಾಗಿ ತಪ್ಪೊಪ್ಪಿಕೊಂಡ ಆರೋಪಿಯನ್ನು ತಾವು ಕಂಡಿಲ್ಲವೆಂದು ಕನ್ನಡಕ ಒರೆಸಿಕೊಂಡರು. ಮೇಲೆ ಗಿಡ್ಡ ಹಿರಿಯ, ಆ ಮುದುಕರು ಏನು ಕೇಳಿದರು ಎಂದು ವಿಚಾರಿಸಿದ. ಪಶ್ಚಾತ್ತಾಪದ ವಿಷಯದಲ್ಲಿ ಅವರಿಗೆ ಬಹಳ ಆಸಕ್ತಿ ಇದೆ ಎಂದು ಇವನು ಹೇಳಿದ. ಅದು ಸುಳ್ಳೂ ಅಲ್ಲ.

ಬೀದಿ ಎರಡು ಹೋಳಾಯಿತು. ನಾದಿನಿ ಮೊದಲು ಮಾಡಿದ ಕೆಲಸವೆಂದರೆ ಮನೆಯ ಚಮಚಗಳನ್ನೆಲ್ಲ ಗಂಟು ಕಟ್ಟಿ ಹಾಸಿಗೆಯ ಕೆಳಗೆ ಬಚ್ಚಿಟ್ಟದ್ದು. ಅತ್ತಿಗೆ, ನಿನ್ನ ಕರುಣೆ ನಿನಗಿರಲಿ, ಚಮಚ ನನಗಿರಲಿ ಎಂದಳು. ಮೂರು ದಿನ ಟೈಲರಮ್ಮ ಟೀಯ ಸಕ್ಕರೆಯನ್ನು ಕತ್ತರಿಯ ತುದಿಯಿಂದ ಕಲಕಿ ಕುಡಿದರು. ನಾಲ್ಕನೆಯ ದಿನ ನಾದಿನಿ ಪರೀಕ್ಷೆಗೆಂದು ತನ್ನ ಬಳೆಯೊಂದನ್ನು ಮೆಟ್ಟಿಲ ಮೇಲೆ ಬಿಟ್ಟು ಬಾಗಿಲ ಸಂದಿಯಿಂದ ನೋಡುತ್ತ ಕೂತಳು. ಉದ್ದ ಹಿರಿಯ ಅದನ್ನು ಎತ್ತಿಕೊಂಡು ನೇರ ಅವಳ ಬಾಗಿಲನ್ನೇ ತಟ್ಟಿದ. ಹಿಂದೆ ಗಿಡ್ಡ ಹಿರಿಯ ನಿಂತಿದ್ದ. ಕಾವಲಿನವನು ಹಿಂದೆ ಇದ್ದ, ಅದಕ್ಕೇ ಕೊಟ್ಟ ಎಂದು ಅವಳು ವಾದಿಸಿದಳು. ಆದರೆ ಬಳೆ ಕೊಡುವಾಗ ಹುಡುಗನ ಮುಖ ನೋಡಿದ ಮೇಲೆ ಅವಳಿಗೇ ಆ ವಾದ ರುಚಿಸಲಿಲ್ಲ. ಅಂದು ಸಂಜೆಯೇ ಚಮಚಗಳು ಹಾಸಿಗೆಯಿಂದ ಎದ್ದು ಅಡುಗೆಮನೆಗೆ ಬಂದವು.

ಎದುರುಗಡೆಯ ಸಲೂನಿನವನು ಸ್ವಭಾವತಃ ಕಳ್ಳರ ಪಕ್ಷ. ತನ್ನ ಕುರ್ಚಿಯಲ್ಲಿ ಕೂತವರಲ್ಲಿ ಕಳ್ಳರೇ ಹೆಚ್ಚು ಮರ್ಯಾದಸ್ಥರು, ತಲೆ ಅಲ್ಲಾಡಿಸುವುದಿಲ್ಲ ಎಂದು ಅವನ ಅನುಭವ. ಅವನು ಉದ್ದ ಹಿರಿಯನಿಗೆ ಕನ್ನಡಿ ಹಿಂದೆ ಮುಂದೆ ಹಿಡಿದು ಅರ್ಧ ಗಂಟೆ ಕೂದಲು ಕತ್ತರಿಸಿದ. ಗಿಡ್ಡ ಹಿರಿಯನಿಗೆ ನಾಲ್ಕು ನಿಮಿಷದಲ್ಲಿ ಮುಗಿಸಿದ. ಎಡಗಡೆ ಒಂದು ರೀತಿ, ಬಲಗಡೆ ಇನ್ನೊಂದು ರೀತಿ. ಟೈಲರಮ್ಮ ದಿನಾ ಸಂಜೆ ಮಹಡಿಗೆ ಒಂದು ಲೋಟ ಬಿಸಿಹಾಲು ತಲುಪಿಸತೊಡಗಿದರು. ಒಂದೇ ಲೋಟ. ಉದ್ದ ಹಿರಿಯ ಅದರಲ್ಲಿ ಅರ್ಧ ಜೋಡಿಗೆ ಕೊಟ್ಟಾಗ, ನೋಡಿದಿರಾ, ಹೆದರಿಸಿ ಕಿತ್ಕೊಳ್ತಾನೆ ಎಂದು ಬೀದಿ ಮರುಗಿತು.

ಇಷ್ಟೆಲ್ಲ ನಡೆಯುವಾಗ ಉದ್ದ ಹಿರಿಯ ಊರಿಗೆ ಬರೆದ: ‘ಇಲ್ಲಿಯ ಜನ ನನ್ನ ಮಾತಿಗೆ ಕರಗಿಹೋಗಿದ್ದಾರೆ.’

ಕ್ರಿಸ್‌ಮಸ್‌ಗೆ ವಾರವಿರುವಾಗ ಅವನು ಟೈಲರಮ್ಮನ ಫೋನು ಕೇಳಲು ಎರಡು ವಾಕ್ಯ ಸಿದ್ಧಮಾಡಿಕೊಂಡು ಹೋದ. ಒಂದು: ಹಬ್ಬದ ದಿನ ಬೆಳಗ್ಗೆ ಎಂಟಕ್ಕೆ ನನ್ನ ಅಮ್ಮ ನಿಮ್ಮ ಫೋನಿಗೆ ಕರೆ ಮಾಡಬಹುದೇ. ಎರಡು: ಒಂಬತ್ತಕ್ಕೆ ನನ್ನ ಜೋಡಿಯ ಅಮ್ಮನೂ ಮಾಡಬಹುದೇ. ಮೊದಲ ವಾಕ್ಯ ಮುಗಿಯುವಷ್ಟರಲ್ಲಿ ಟೈಲರಮ್ಮ ಅವನನ್ನು ತಬ್ಬಿಕೊಂಡು ಅತ್ತುಬಿಟ್ಟರು. ಎರಡನೆಯ ವಾಕ್ಯ ಗಂಟಲಲ್ಲೇ ಉಳಿಯಿತು. ಎರಡೂ ಕೇಳಿದೆಯಾ ಎಂದು ಬಾಗಿಲಲ್ಲಿ ನಿಂತಿದ್ದ ಗಿಡ್ಡ ಹಿರಿಯ ಕೇಳಿದ. ಹೌದು ಎಂದ. ಅಭ್ಯಾಸಬಲ.

ಆ ಹೊತ್ತಿಗೆ ಗುಮಾಸ್ತರು ಹುಡುಗನ ಪರವಾಗಿ ಒಂದು ಅರ್ಜಿ ಸಿದ್ಧಮಾಡಿದ್ದರು. ಆ ಸೀಮೆಯ ಹಿರಿಯರನ್ನೆಲ್ಲ ನೋಡಿಕೊಳ್ಳುವ ಮುಖ್ಯಸ್ಥರಿಗೆ ಹುಡುಗರು ಅಧ್ಯಕ್ಷರು ಎನ್ನುತ್ತಿದ್ದರು. ಅರ್ಜಿ ಅವರ ಹೆಸರಿಗೆ. ಸದರಿ ಬಾಲಕನು ಎಳೆಯ ಪ್ರಾಯದಲ್ಲಿ ದುಷ್ಟರ ಸಹವಾಸಕ್ಕೆ ಸಿಲುಕಿ ಎಂದು ಶುರುವಾಗಿ, ಉಳಿದ ಹದಿನೆಂಟು ತಿಂಗಳ ಶಿಕ್ಷೆಯನ್ನು ಹಬ್ಬದ ಸಂದರ್ಭದಲ್ಲಿ ಮನ್ನಾ ಮಾಡಿ ತಾಯಿಯ ಮಡಿಲಿಗೆ ಒಪ್ಪಿಸಬೇಕಾಗಿ ಎಂದು ನಾಲ್ಕನೆಯ ಪುಟದಲ್ಲಿ ಮುಗಿಯುತ್ತಿತ್ತು. ಬೀದಿಯ ಮೂವತ್ತೊಂದು ಜನ ಸಹಿ ಹಾಕಿದ್ದರು. ಉದ್ದ ಹಿರಿಯ ಇದನ್ನು ಅಧ್ಯಕ್ಷರಿಗೆ ಹಬ್ಬದ ಶುಭಾಶಯ ಎಂದು ತಿಳಿದು, ಸಂತೋಷದಿಂದ ವಿಳಾಸ ಬರೆದುಕೊಟ್ಟು, ಗುಮಾಸ್ತರು ಬೆರಳಿಟ್ಟು ತೋರಿಸಿದ ಕಡೆ ತಾನೂ ಸಹಿ ಮಾಡಿದ. ಆ ಜಾಗದ ಕೆಳಗೆ ‘ಅಪರಾಧಿ’ ಎಂದಿತ್ತು. ಗಿಡ್ಡ ಹಿರಿಯನ ಮುಂದೆಯೂ ಹಿಡಿದರು. ಓದಲು ಬಾರದ್ದಕ್ಕೆ ಸಹಿ ಹಾಕಬಾರದೆಂದು ಅವನು ತಲೆಯಾಡಿಸಿದ. ಆ ಬೀದಿಯಲ್ಲಿ ಅಂದು ಬುದ್ಧಿ ಇದ್ದದ್ದು ಅವನೊಬ್ಬನಿಗೇ. ಆದ್ದರಿಂದ ಅವನೊಬ್ಬನನ್ನೇ ಎಲ್ಲರೂ ಕಲ್ಲುಹೃದಯದವನೆಂದು ಬೈದರು. ಅರ್ಜಿ ಅಂಚೆಗೆ ಬಿತ್ತು.

ಹಬ್ಬದ ಬೆಳಗ್ಗೆ ಏಳೂಮುಕ್ಕಾಲಿಗೆ ಹುಡುಗರು ಕೆಳಗಿಳಿದು ಬಂದರು. ಇಲ್ಲಿ ಬೆಳಗಾದರೆ ಅವರ ಊರಲ್ಲಿ ಹಿಂದಿನ ದಿನದ ರಾತ್ರಿ. ಅಂಗಡಿಯಲ್ಲಿ ಟೈಲರಮ್ಮ ಒಬ್ಬರೇ ಇರುತ್ತಾರೆ, ಅವರೂ ಒಳಗೆ ಹೋಗುತ್ತಾರೆ ಎಂದು ಉದ್ದ ಹಿರಿಯನ ಲೆಕ್ಕಾಚಾರ. ನೋಡಿದರೆ ಹೊಲಿಗೆ ಮಿಷನ್ನುಗಳನ್ನು ಗೋಡೆಗೆ ಸರಿಸಿ ಸಾಲಾಗಿ ಸ್ಟೂಲು ಹಾಕಿತ್ತು. ಮುಂದಿನ ಸಾಲಿನಲ್ಲಿ ಗುಮಾಸ್ತರು ಕೋರ್ಟಿನ ಕಾಲದ ಕರಿಕೋಟು ತೊಟ್ಟು ಕೂತಿದ್ದರು. ಪಕ್ಕದಲ್ಲಿ ಸಲೂನಿನವನು, ನಾದಿನಿ. ಬಟ್ಟೆ ಕತ್ತರಿಸುವ ಮೇಜಿನ ನಡುವೆ ಫೋನು ಇತ್ತು, ಕೆಳಗೊಂದು ಹೊಸ ಬಟ್ಟೆ ಹಾಸಿತ್ತು.

ಎಂಟಕ್ಕೆ ಸರಿಯಾಗಿ ಫೋನು ಬಡಿದುಕೊಂಡಿತು. ಗಿಡ್ಡ ಹಿರಿಯ ಗಡಿಯಾರ ನೋಡಿಕೊಂಡ. ಉದ್ದ ಹಿರಿಯ ರಿಸೀವರ್ ಎತ್ತಿ “ಅಮ್ಮಾ” ಎಂದ. ನಾದಿನಿ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಆ ಕಡೆ ಅಮ್ಮ, ಊಟ ಮಾಡ್ತಿದೀಯಾ, ತೆಳ್ಳಗಾಗಿದೀಯಾ ಎಂದು ವಿಚಾರಿಸಿ, ಚಿಕ್ಕಮ್ಮನೂ ಇಲ್ಲೇ ಇದ್ದಾಳೆ, ನೀನು ಆ ಭಾಷೆ ಮಾತಾಡುವುದನ್ನು ಕೇಳಬೇಕಂತೆ, ಯಾರ ಜತೆಯಾದರೂ ಸ್ವಲ್ಪ ಮಾತಾಡು ಎಂದಳು.

ತಲೆಗೆ ಸುರಿದ ನೀರು ಕಾಲಿಗೆ ಬರಲೇಬೇಕು. ಅವನು ತಡಬಡಿಸಿ ತನಗೆ ಗೊತ್ತಿದ್ದದ್ದನ್ನೇ, ನಾನು ಪಾಪಿ ಎಂಬಲ್ಲಿಂದ ಶುರುಮಾಡಿದ. ಅಮ್ಮ ಆ ತುದಿಯಲ್ಲಿ ಹೆಮ್ಮೆಯಿಂದ ಚಿಕ್ಕಮ್ಮನನ್ನು ಕರೆದಳು. ಈ ತುದಿಯಲ್ಲಿ ಟೈಲರಮ್ಮನಿಗೆ ತಡೆಯಲಾಗಲಿಲ್ಲ. ಹಬ್ಬದ ದಿನವೂ ಹೆತ್ತ ತಾಯಿಯ ಮುಂದೆ ತಪ್ಪೊಪ್ಪಿಗೆಯೇ? ಎದ್ದು ಬಂದು ರಿಸೀವರ್ ಕಿತ್ತುಕೊಂಡರು. ಪರದೇಶದ ಹೆಂಗಸಿಗೆ ಅರ್ಥವಾಗಲೆಂದು ಒಂದೊಂದೇ ಮಾತನ್ನು ಬಿಡಿಸಿ, ಎಳೆಮಗುವಿಗೆ ಹೇಳುವ ಹಾಗೆ ಹೇಳಿದರು.

“ನೋಡಿ ಅಮ್ಮ. ನಿಮ್ಮ ಮಗ ಕಳ್ಳ. ಇರಲಿ. ನಮ್ಮ ಮನೇಲಿ ಒಂದು ಚಮಚ ಕೂಡ ಕದ್ದಿಲ್ಲ. ಒಳ್ಳೇ ಹುಡುಗ. ಬೈಬೇಡಿ ಅವನನ್ನ.”

ಆರು ತಿಂಗಳಲ್ಲಿ ಯಾರೂ ಅವನ ಮುಂದೆ ಇಷ್ಟು ನಿಧಾನವಾಗಿ ಮಾತಾಡಿರಲಿಲ್ಲ. ಅವನ ದುರದೃಷ್ಟಕ್ಕೆ ಅಷ್ಟೂ ಪದಗಳು ಅವನಿಗೆ ಗೊತ್ತಿದ್ದವು. ಹಾಲು, ಕೂದಲು, ಬಳೆ, ಗುಮಾಸ್ತರ ಪ್ರಶ್ನೆಗಳು, ನಾಲ್ಕು ಪುಟದ ಶುಭಾಶಯ ಎಲ್ಲವೂ ಒಟ್ಟಿಗೆ ತಲೆಯೊಳಗೆ ನುಗ್ಗಿದವು. ಕಿವಿ ಕೆಂಪಗಾಯಿತು. ರಿಸೀವರ್ ಕೈಗೆ ಬಂದಾಗ ಅಮ್ಮ, ಆಕೆ ಏನಂದರು ಎಂದು ಕೇಳಿದಳು.

“ನಾನು ಒಳ್ಳೇ ಹುಡುಗ ಅಂತೆ,” ಎಂದ.

ಅಷ್ಟು ಹೇಳೋಕೆ ಅಷ್ಟು ಹೊತ್ತು ಬೇಕಾಯಿತಾ ಎಂದು ಅಮ್ಮ ಅನುಮಾನಪಡುವಷ್ಟರಲ್ಲಿ ಗುಮಾಸ್ತರು ಎದ್ದು ನಿಂತಿದ್ದರು. ಅವರ ಕೈಯಲ್ಲಿ ಅರ್ಜಿಯ ನಕಲಿತ್ತು. ನಾಲ್ಕು ಪುಟವನ್ನೂ ಅವರು ಫೋನಿಗೆ ಓದಿ ಹೇಳಿದರು, ಅಲ್ಪವಿರಾಮ ಸಹಿತ. ಆ ಕಡೆಯಿಂದ ಅಮ್ಮ ನಡುನಡುವೆ ತನ್ನ ಭಾಷೆಯಲ್ಲಿ ಥ್ಯಾಂಕ್ಸ್ ಹೇಳುತ್ತಿದ್ದಳು. ಅವರ ನಂತರ ಸಲೂನಿನವನು, ಈ ಥರ ಮಂದವಾದ ಕೂದಲು ತಾಯಿಯ ಕಡೆಯಿಂದ ಬಂದದ್ದಾ, ತಂದೆಯ ಕಡೆಯಿಂದ ಬಂದದ್ದಾ ಎಂದು ಕೇಳಿ ಉತ್ತರಕ್ಕೆ ಕಾದ. ನಾದಿನಿ ಚಮಚ ಬಚ್ಚಿಟ್ಟ ಪಾಪವನ್ನು ಅಳುತ್ತ ನಿವೇದಿಸಿಕೊಂಡು ಕ್ಷಮೆ ಕೇಳಿದಳು. ಪಶ್ಚಾತ್ತಾಪದ ಪಾಠ ಕೊನೆಗೂ ಒಬ್ಬರ ಮೇಲೆ ಕೆಲಸ ಮಾಡಿತ್ತು. ಉದ್ದ ಹಿರಿಯ ಪಕ್ಕದಲ್ಲಿ ನಿಂತು ತನ್ನ ನಿಮಿಷಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದನ್ನು ನೋಡುತ್ತಿದ್ದ. ಅವನ ಕೈಗೆ ರಿಸೀವರ್ ಮತ್ತೆ ಬಂದಾಗ ಗಿಡ್ಡ ಹಿರಿಯ ಮುಖ ಸಣ್ಣದು ಮಾಡಿಕೊಂಡು ನಾಲ್ಕು ಬೆರಳು ತೋರಿಸಿದ.

ನಾಲ್ಕು ನಿಮಿಷದಲ್ಲಿ ಸುಳ್ಳಿಗೆ ಜಾಗವಿಲ್ಲ.

“ಅಮ್ಮ, ನಂಗೆ ಈ ಭಾಷೆ ಬರಲ್ಲ,” ಎಂದ. “ಎಲ್ಲದಕ್ಕೂ ಹೌದು ಹೌದು ಅಂದ್ಕೊಂಡೇ ಬಂದೆ. ಇಲ್ಲಿರೋರೆಲ್ಲ ನನ್ನನ್ನ ಕಳ್ಳ ಅಂದ್ಕೊಂಡಿದಾರೆ. ಶಿಕ್ಷೆಗೆ ಕಳಿಸಿರೋ ಕಳ್ಳ. ದಿನಾ ನಿನ್ನ ನೆನಪಾಗಿ ಅಳು ಬರುತ್ತೆ.”



“ಕಳ್ಳ ಅಂದ್ಕೊಂಡೂ ಮನೆಯೊಳಗೆ ಕರೆದು ಫೋನ್ ಕೊಟ್ಟಿದಾರಾ?” ಎಂದು ಅಮ್ಮ ಕೇಳಿದಳು.

“ಹೌದು.” ಈ ಸಲ ಅರ್ಥವಾಗಿಯೇ ಅಂದದ್ದು.

“ಹಾಗಾದ್ರೆ ನೀನು ಒಳ್ಳೇ ಕಡೆ ಇದೀಯ. ಅಳಬೇಡ ಕಂದ. ನಾನಿವತ್ತು ನಿಶ್ಚಿಂತೆಯಿಂದ ಮಲಗ್ತೀನಿ.”

ನಲವತ್ತು ನಿಮಿಷ ಮುಗಿಯಿತು. ಅವನು ರಿಸೀವರ್ ಇಟ್ಟು, ಸ್ಟೂಲಿನ ಮೇಲೆ ಕೂತು, ಎಲ್ಲರ ಎದುರಿಗೇ ಅತ್ತ. ಟೈಲರಮ್ಮ ಬೆನ್ನು ಸವರುತ್ತ, ನಾಲ್ಕು ನಿಮಿಷವಾದರೂ ಹೆಚ್ಚಿಗೆ ಬಿಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂಬಂತೆ ಗಿಡ್ಡ ಹಿರಿಯನನ್ನು ದುರುಗುಟ್ಟಿ ನೋಡಿದರು. ಅವನು ಮೂಲೆಯಲ್ಲಿ ನಿಂತು ಫೋನನ್ನೇ ನೋಡುತ್ತಿದ್ದ.

ಒಂಬತ್ತಕ್ಕೆ ಫೋನು ಮತ್ತೆ ಬಡಿದುಕೊಂಡಿತು. ಟೈಲರಮ್ಮನೇ ಎತ್ತಿದರು. ಇನ್ನೊಬ್ಬ ಹೆಂಗಸಿನ ದನಿ ಕೇಳಿಸಿತು, ಹೆದರಿದ ದನಿ, ಒಂದು ಹೆಸರನ್ನು ಎರಡೆರಡು ಸಲ ಹೇಳುತ್ತಿತ್ತು. ಗಿಡ್ಡ ಹಿರಿಯ ಎರಡೇ ಹೆಜ್ಜೆಗೆ ಬಂದು ಅವರ ಕೈಯಿಂದ ರಿಸೀವರ್ ತೆಗೆದುಕೊಂಡ. “ಅಮ್ಮಾ” ಎಂದ. ಅಷ್ಟೇ. ಆಮೇಲೆ ಗೋಡೆಯ ಕಡೆ ತಿರುಗಿ ಬಿಕ್ಕಿಬಿಕ್ಕಿ ಅಳತೊಡಗಿದ. ಎರಡು ತಿಂಗಳು ಬಿಗಿ ಹಿಡಿದಿದ್ದ ತುಟಿ ಅದು.

ಸಭೆ ಬೆರಗಾಯಿತು. ಕಾವಲಿನವನಿಗೂ ತಾಯಿ ಇರುತ್ತಾಳೆ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಅವನು ಯಾಕೆ ಅಳ್ತಾನೆ ಎಂದು ಟೈಲರಮ್ಮ ಉದ್ದ ಹಿರಿಯನನ್ನು ಕೇಳಿದರು. ಅವನ ಬಾಯಿಗೆ ‘ಹೌದು’ ಬಂತು. ನುಂಗಿಕೊಂಡ.

“ಅಮ್ಮ, ನನಗೆ ಅರ್ಥ ಆಗಲ್ಲ,” ಎಂದ. “ನಿಧಾನ ಹೇಳಿ. ಫೋನಲ್ಲಿ ಹೇಳಿದ ಹಾಗೆ ಹೇಳಿ.”

ಗುಮಾಸ್ತರು ಮರುವಿಚಾರಣೆ ಶುರುಮಾಡಿದರು. ಒಂದೊಂದು ಪದಕ್ಕೂ ನಿಲ್ಲಿಸಿ, ಕೈಸನ್ನೆ ಮಾಡಿ ಕೇಳಿದರು. ಕಳ್ಳತನ ಮಾಡಿದ್ದೆಯಾ? ಇಲ್ಲ. ಬೇರೆ ಅಪರಾಧ? ಇಲ್ಲ. ಹಾಗಾದರೆ ಇವನು ನಿನ್ನನ್ನು ಯಾಕೆ ಕಾಯುತ್ತಾನೆ? ಅವನು ನನ್ನನ್ನು ಕಾಯುತ್ತಾನೆ, ನಾನು ಅವನನ್ನು ಕಾಯುತ್ತೇನೆ. ನಿನ್ನನ್ನು ಇಲ್ಲಿಗೆ ಯಾರು ಕಳಿಸಿದರು? ಕಳಿಸುತ್ತೀರಾ ಎಂದು ನಾನೇ ಕೇಳಿದೆ. ಎರಡು ವರ್ಷ? ಹೌದು. ವರ್ಷಕ್ಕೆ ಎರಡು ಫೋನು? ಹೌದು. ಒಪ್ಪಿಕೊಂಡು? ಹೌದು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಕಥೆ ಕೇಳಿದ್ದೇವೆ. ಅಂದು ಗುಮಾಸ್ತರು ತಮ್ಮ ಕರಿಕೋಟನ್ನೇ ಮುಟ್ಟಿ ನೋಡಿಕೊಂಡರು. ಮಾಡದ ತಪ್ಪಿಗೆ ತನಗೆ ತಾನೇ ಎರಡು ವರ್ಷ ವಿಧಿಸಿಕೊಂಡವನ ಮೇಲೆ ಯಾವ ಸೆಕ್ಷನ್ ಹಾಕುವುದು, ಯಾರಿಗೆ ಮೇಲ್ಮನವಿ ಮಾಡುವುದು? ಅಂಚೆಗೆ ಬಿದ್ದ ಅರ್ಜಿಯನ್ನು ಹಿಂದಕ್ಕೆ ಪಡೆಯಲು ಇನ್ನೊಂದು ಅರ್ಜಿ ಬರೆಯಬೇಕು ಎಂದು ಗೊಣಗುತ್ತ ಪೆನ್ನು ಹುಡುಕಿದರು. ನಾದಿನಿ, ಇದಕ್ಕಿಂತ ಕಳ್ಳನೇ ಆಗಿದ್ದರೆ ವಾಸಿಯಿತ್ತು ಎಂದಳು.

ಟೈಲರಮ್ಮ ಮಾತ್ರ ಕೆಂಡವಾಗಿದ್ದರು. ಕಳ್ಳತನವನ್ನು ಒಂದೇ ದಿನದಲ್ಲಿ ಕ್ಷಮಿಸಿದ ಹೆಂಗಸು ಇದನ್ನು ಕ್ಷಮಿಸುವ ಹಾಗೆ ಕಾಣಲಿಲ್ಲ.

“ಯಾರೂ ದಬ್ಬಲಿಲ್ಲ, ಯಾರೂ ಹಿಡ್ಕೊಂಡು ಬರಲಿಲ್ಲ. ಹಬ್ಬದ ದಿನ ಹೆತ್ತೋಳನ್ನ ಬಿಟ್ಟು ನೀವೇ ಬಂದ್ರಾ? ಇಬ್ರೂನಾ?”

ಅಷ್ಟರಲ್ಲಿ ಗಿಡ್ಡ ಹಿರಿಯ ಮೂಗೊರೆಸಿಕೊಂಡು ಗಡಿಯಾರ ನೋಡಿ, ತಾಯಿಗೆ ವಿದಾಯ ಹೇಳಲು ಬಾಯಿ ತೆರೆದಿದ್ದ. ಟೈಲರಮ್ಮ ಹೋಗಿ ಅವನ ಹೆಗಲ ಮೇಲೆ ಕೈಯೊತ್ತಿ ಕೂರಿಸಿ, ನಿಧಾನವಾಗಿ ಬಿಡಿಸಿ ಎರಡು ಮಾತು ಹೇಳಿದರು. ನಾದಿನಿಗೆ ಇನ್ನೊಂದು ಲೋಟ ಹಾಲು ತರಲು ಹೇಳಿದರು. ಹುಡುಗ ಗಾಬರಿಯಿಂದ ಜೋಡಿಯ ಕಡೆ ನೋಡಿದ. ಆಕೆ ಏನನ್ನುತ್ತಿದ್ದಾರೆ ಎಂದು ಕೇಳಿದ.

ಉದ್ದ ಹಿರಿಯ ಆ ದಿನ ಮೊದಲ ಸಲ ಒಂದು ಮಾತನ್ನು ಸರಿಯಾಗಿ ಭಾಷಾಂತರ ಮಾಡಿದ: “ಇನ್ನೂ ಮಾತಾಡಬೇಕಂತೆ. ಅಧ್ಯಕ್ಷರು ಕೇಳಿದ್ರೆ ಅವರೇ ಉತ್ತರ ಕೊಡ್ತಾರಂತೆ.”

ನಿಯಮದ ಪುಸ್ತಕ ಕಂಠಪಾಠವಾಗಿದ್ದ ಗಿಡ್ಡ ಹಿರಿಯ ಎರಡು ಕ್ಷಣ ಯೋಚಿಸಿದ. ಮನೆಯೊಡತಿ ಬಿಡದಿದ್ದರೆ ಏನು ಮಾಡಬೇಕೆಂದು ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ಮುಕ್ಕಾಲು ಗಂಟೆ ಮತ್ತೆ ಮಾತಾಡಿದ.

ಅವನು ರಿಸೀವರ್ ಇಟ್ಟ ಮೇಲೆ ಟೈಲರಮ್ಮ ಅದನ್ನು ಎತ್ತಿ ಉದ್ದ ಹಿರಿಯನ ಕೈಗೆ ಕೊಟ್ಟರು.

“ಈಗ ನೀನು ಮಾಡು. ಇಷ್ಟು ಹೊತ್ತೂ ನಾವೇ ಮಾತಾಡಿದ್ವಿ, ನಿನ್ನ ತಾಯಿಗೆ ನಿನ್ನ ದನಿ ಸಿಕ್ಕಿದ್ದೆಷ್ಟು?”

ಅವನು ಬೇಡವೆಂದ. ಅಲ್ಲಿ ಈಗ ಮಧ್ಯರಾತ್ರಿ ಎಂದು ಅರ್ಧ ಮಾತಿನಲ್ಲಿ, ಅರ್ಧ ಸನ್ನೆಯಲ್ಲಿ ತಿಳಿಸಿದ. ಎರಡು ಕೈ ಜೋಡಿಸಿ ಕೆನ್ನೆಗಿಟ್ಟುಕೊಂಡು ತೋರಿಸಿದ. “ಅಮ್ಮ ಮಲಗಿದ್ದಾರೆ. ನಿಶ್ಚಿಂತೆಯಿಂದ ಮಲಗ್ತೀನಿ ಅಂದರು.”

“ಎಲ್ಲ ತಾಯಂದಿರೂ ಹಾಗೇ ಅನ್ನೋದು,” ಎಂದರು ಟೈಲರಮ್ಮ. “ಮಾಡು.”

ಅವನು ಮನೆಯ ನಂಬರು ತಿರುಗಿಸಿದ. ಅರ್ಧ ರಿಂಗೂ ಆಗಿರಲಿಲ್ಲ, ಆ ಕಡೆ ಅಮ್ಮ ಎತ್ತಿಕೊಂಡಳು.